ನೂರ ಅರವತ್ತನೆಯ ಪುಟದ ನಂತರ

ಜನವರಿ 12

ತಮ್ಮಾ,

ಈ ಕಾಗದದ ಜೊತೆ ಒಂದು ಪುಸ್ತಕದ ಕಟ್ಟು ಬಂದಿರುತ್ತದೆ. ದಾರವನ್ನು ಕತ್ತರಿಯಿಂದ ಕತ್ತರಿಸು, ನಿನ್ನ ಅಭ್ಯಾಸದಂತೆ ಹಲ್ಲಿನಿಂದ ಎಳೆಯಬೇಡ.

ಪ್ರಾರ್ಥನಾ ಮಂದಿರಕ್ಕೆ ಈ ವರ್ಷ ಎಂಬತ್ತು ಹೊಸ ಪ್ರಾರ್ಥನಾ ಪುಸ್ತಕ ಬೇಕಾಗಿತ್ತು. ಅಚ್ಚಾದ ಹಾಳೆಗಳು ಎಂದಿನಂತೆ ನಮ್ಮ ಮನೆಗೇ ಬಂದವು. ನಲವತ್ತನ್ನು ನಾನು ಹೊಲಿದೆ, ನಲವತ್ತನ್ನು ಹಿಂದಿನ ಕೋಣೆಯಲ್ಲಿ ಕೂತು ನಿನ್ನ ಅತ್ತಿಗೆ ಹೊಲಿದಳು. ನನ್ನ ಪಾಲಿನಲ್ಲಿ ಹಾಳೆ ಸ್ವಲ್ಪ ಮಿಕ್ಕಿತ್ತು, ಅದೇ ಈ ನಲವತ್ತೊಂದನೆಯದು. ಪುಸ್ತಕದ ಬೆನ್ನಿನ ಒಳಗೆ ದಾರದ ಕೊನೆಗೆ ಅಪ್ಪ ಹಾಕುತ್ತಿದ್ದಂತೆ ಎರಡು ಗಂಟು ಹಾಕಿದ್ದೇನೆ. ನಿನ್ನ ಅತ್ತಿಗೆ ಒಂದೇ ಗಂಟು ಹಾಕುತ್ತಾಳೆ. ನಿನ್ನ ಅಣ್ಣ ಅವಳಿಗೆ ಕೆಲಸ ಕಲಿಸಿದ್ದೇ ಅವಸರದಲ್ಲಿ. ಅವನು ತೀರಿಹೋಗಿ ಆರು ವರ್ಷವಾದರೂ ಅವನ ಅವಸರ ಇವಳ ಕೈಯಲ್ಲಿ ಉಳಿದಿದೆ.

ಅಪ್ಪ ಪುಸ್ತಕ ಜೋಡಿಸುತ್ತಿದ್ದದ್ದು ನಿನಗೆ ನೆನಪಿದೆಯೇ? ಹಾಳೆ ಮಡಚಿ ಮಾಡಿದ ಹದಿನಾರು ಪುಟದ ಮಡಿಕೆಗಳನ್ನು ಗುಡ್ಡೆ ಗುಡ್ಡೆಯಾಗಿ ದೊಡ್ಡ ಮೇಜಿನ ಸುತ್ತ ಇಟ್ಟು, ಒಂದೊಂದು ಮಡಿಕೆ ಎತ್ತುವಾಗಲೂ ಅದರ ಮೊದಲ ಸಾಲನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಮೇಜಿಗೆ ಒಂದು ಸುತ್ತು ಬಂದರೆ ಒಂದು ಪುಸ್ತಕ, ಜೊತೆಗೆ ಒಂದು ಪ್ರಾರ್ಥನೆ. ನಾನೂ ಮೂವತ್ತು ವರ್ಷ ಹಾಗೇ ಮಾಡಿದ್ದೇನೆ. ಈ ಸಲ ಮಾತ್ರ ಒಂದು ಸಾಲೂ ಬಾಯಿಗೆ ಬರಲಿಲ್ಲ. ಆ ಬೆಳಿಗ್ಗೆ ಗುರುಗಳು ನಿನ್ನ ಅತ್ತಿಗೆಯನ್ನು ಮುಂಜಾವಿನ ಧ್ಯಾನಕ್ಕೆ ಕರೆದಿದ್ದರು. ಅಲ್ಲಿ ಕೂರುವವರು ಹನ್ನೆರಡೇ ಜನ. ನಾನು ಒಂಬತ್ತು ವರ್ಷದಿಂದ ಕಾಯುತ್ತಿದ್ದೇನೆ. ಪ್ರಾರ್ಥನೆಗೆ ತಡವಾಗಿ, ಕೈಗೆ ಅಂಟು ಮೆತ್ತಿಕೊಂಡು ಓಡಿಬರುವವಳಿಗೆ ಆ ಜಾಗ. ಅವಳು ಹಿಂದಿನ ಕೋಣೆಯಲ್ಲಿ ಏನೋ ಗುನುಗುತ್ತಾ ಹೊಲಿಯುತ್ತಿದ್ದಳು. ನಾನು ಮೇಜು ಸುತ್ತುತ್ತಾ ಮನಸ್ಸಿನಲ್ಲೇ ಅವಳಿಗೆ ನಾಲ್ಕು ಮಾತು ಹೇಳಿ ಮುಗಿಸಿದೆ. ನನಗೇನೂ ಹೊಟ್ಟೆಕಿಚ್ಚಿಲ್ಲ, ನ್ಯಾಯ ಎಂಬುದೊಂದು ಇರಬೇಕಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ದಿನಕ್ಕೆ ಎರಡು ಪುಟವಾದರೂ ಓದು.

ನಿನ್ನ ಅಕ್ಕ


ಜನವರಿ 27

ಅಕ್ಕಾ,

ಪುಸ್ತಕ ತಲುಪಿತು. ದಾರವನ್ನು ಕತ್ತರಿಯಿಂದಲೇ ಕತ್ತರಿಸಿದೆ, ಆಣೆಗೂ. ಎಷ್ಟು ಚೆನ್ನಾಗಿದೆಯೆಂದರೆ ಮುಟ್ಟಲು ಭಯವಾಗುತ್ತದೆ. ಸಿಗ್ನಲ್ ಕೋಣೆಯಲ್ಲಿ ಕಿಟಕಿ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದೇನೆ. ಇಲ್ಲಿ ದಿನಕ್ಕೆ ನಾಲ್ಕೇ ರೈಲು, ಮಿಕ್ಕ ಹೊತ್ತೆಲ್ಲಾ ಸನ್ನೆಕೋಲುಗಳಿಗೆ ಎಣ್ಣೆ ಹಾಕುತ್ತಾ ಆಕಳಿಸುವುದು. ಹಾಗಾಗಿ ದಿನಾ ಓದುತ್ತೇನೆ.

ಅತ್ತಿಗೆಯ ವಿಷಯ ನೀನು ಹೇಳಿದ್ದು ಸರಿಯಾಗಿದೆ. ಒಂಬತ್ತು ವರ್ಷವೆಂದರೆ ಕಡಿಮೆಯೇ? ಗುರುಗಳಿಗೂ ವಯಸ್ಸಾಯಿತು, ಯಾರು ಯಾರೆಂದು ಗೊತ್ತಾಗುವುದಿಲ್ಲವೋ ಏನೋ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಮ್ಮ ಮನೆಯಲ್ಲಿ ದೇವರಿಗೆ ಹತ್ತಿರ ಇರುವವಳು ನೀನೊಬ್ಬಳೇ ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳೇ?

ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯ ಪಾಯಿಂಟ್ಸ್‌ಮನ್‌ಗೆ ಎದೆನೋವು ಶುರುವಾಗಿದೆ. ಹಳಿ ಬದಲಿಸುವ ಕೆಲಸವನ್ನೂ ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ 16

ತಮ್ಮಾ,

ನಾನು ಹೇಳುತ್ತಿರಲಿಲ್ಲವೇ? ದೇವರು ಎಲ್ಲವನ್ನೂ ನೋಡುತ್ತಾನೆ.

ಹೋದ ಭಾನುವಾರ ಹೊಸ ಪುಸ್ತಕಗಳಲ್ಲಿ ಮೊದಲ ಸಾಮೂಹಿಕ ಪಠಣ. ಮಂದಿರ ತುಂಬಿತ್ತು. ನೂರ ಅರವತ್ತನೆಯ ಪುಟದವರೆಗೆ ಎಲ್ಲರದೂ ಒಂದೇ ದನಿ. ಮುಂದಿನದು ತಪ್ಪೊಪ್ಪಿಗೆಯ ಪ್ರಾರ್ಥನೆ. ಮುಂದಿನ ಪುಟಕ್ಕೆ ಬಂದದ್ದೇ ತಡ, ಅರ್ಧ ಮಂದಿ "ನನ್ನಿಂದ ಆದ ತಪ್ಪುಗಳನ್ನು" ಎಂದರು, ಉಳಿದರ್ಧ ಮಂದಿ "ಪ್ರಯಾಣಕ್ಕೆ ಹೊರಟಿರುವ ನಮ್ಮನ್ನು" ಎಂದರು. ಯಾರೂ ನಿಲ್ಲಿಸಲು ತಯಾರಿಲ್ಲ. ತಪ್ಪು ಒಪ್ಪಿಕೊಳ್ಳುವವರೂ ಪ್ರಯಾಣ ಹೊರಟವರೂ ಪೈಪೋಟಿಗೆ ಬಿದ್ದು ದನಿ ಏರಿಸಿದರು. ಕೊನೆಗೆ ಗುರುಗಳೇ ಕೈಯೆತ್ತಿ ನಿಲ್ಲಿಸಬೇಕಾಯಿತು. ನೋಡಿದರೆ ನಲವತ್ತು ಪುಸ್ತಕಗಳಲ್ಲಿ ಹನ್ನೊಂದನೆಯ ಮಡಿಕೆಯೂ ಹನ್ನೆರಡನೆಯದೂ ಅದಲುಬದಲು. ನೂರ ಅರವತ್ತಾದ ಮೇಲೆ ನೂರ ಎಪ್ಪತ್ತೇಳು.

ನಾನು ಓದುವುದು ಅಪ್ಪನ ಹಳೆಯ ಪ್ರತಿಯಲ್ಲಿ, ಅದು ನಿನಗೆ ಗೊತ್ತು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಇದು ನನ್ನ ಕೈ ಕೆಲಸ ಅಲ್ಲ. ಮನಸ್ಸು ಎಲ್ಲೋ ಇಟ್ಕೊಂಡು ಹೊಲಿದೋರು ಯಾರು ಅಂತ ನಾನು ಹೇಳಬೇಕಾಗಿಲ್ಲ." ಎಲ್ಲರ ತಲೆಯೂ ನಿನ್ನ ಅತ್ತಿಗೆಯ ಕಡೆ ತಿರುಗಿತು. ಅವಳು ಒಂದು ಪುಸ್ತಕವನ್ನು ಕೈಗೆತ್ತಿಕೊಂಡು ಅದರ ಬೆನ್ನನ್ನು ಬಗ್ಗಿಸಿ ಒಳಗೆ ಇಣುಕಿದಳು. ನನ್ನನ್ನು ಒಮ್ಮೆ ನೋಡಿದಳು. ಆಮೇಲೆ "ಸರಿ ಮಾಡಿಕೊಡ್ತೀನಿ" ಎಂದಳು. ಅಷ್ಟೇ. ಮೌನವೇ ಒಪ್ಪಿಗೆ ಎನ್ನುತ್ತಾರಲ್ಲ, ಇನ್ನೇನು ಬೇಕು. ನಲವತ್ತನ್ನೂ ಕೈಗಾಡಿಯಲ್ಲಿ ಹಾಕಿಕೊಂಡು ತನ್ನ ಕೋಣೆಗೆ ತಂದುಕೊಂಡಿದ್ದಾಳೆ. ಕೆಲವರು "ನೀವೂ ಸ್ವಲ್ಪ ನೋಡಿ" ಎಂದರು. ಅವಳ ಕೆಲಸವನ್ನು ನಾನು ಬೆರಳಿನಿಂದಲೂ ಮುಟ್ಟುವುದಿಲ್ಲ ಎಂದೆ.

ಇಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲ. ಪ್ರಾರ್ಥನೆಗೆ ಕೂತರೆ ಅವಳ ಮುಖವೇ ಬರುತ್ತದೆ. ಸಹವಾಸ ದೋಷ ಎನ್ನುವುದು ಇದಕ್ಕೇ ಇರಬೇಕು.

ನಿನ್ನ ಅಕ್ಕ


ಮಾರ್ಚ್ 1

ಅಕ್ಕಾ,

ನಿನ್ನ ಕಾಗದ ಓದಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ತಪ್ಪೊಪ್ಪಿಕೊಳ್ಳುವವರಿಗೂ ಪ್ರಯಾಣ ಹೊರಟವರಿಗೂ ಜಗಳವಂತೆ. ನಮ್ಮ ಸ್ಟೇಷನ್ನಿನಲ್ಲಿ ದಿನಾ ಅದೇ.

ನೀನೇಕೆ ತಲೆ ಕೆಡಿಸಿಕೊಳ್ಳುತ್ತೀ? ನಿನ್ನ ಕೈ ತಪ್ಪುವ ಕೈಯಲ್ಲ. ನನ್ನ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದೇನೆ, ಒಂದು ಪುಟವೂ ಆಚೀಚೆಯಾಗಿಲ್ಲ. ಬೇಕಾದರೆ ಯಾರಿಗೆ ಬೇಕಾದರೂ ಹೇಳು. ಅತ್ತಿಗೆ ಒಳ್ಳೆಯವಳೇ, ನನ್ನ ಹತ್ತಿರ ಎಂದೂ ಏರುದನಿಯಲ್ಲಿ ಮಾತಾಡಿದವಳಲ್ಲ, ಆದರೆ ಕೆಲಸದಲ್ಲಿ ಅಣ್ಣನಷ್ಟೇ ಅವಸರ ಎಂದು ನೀನೇ ಬರೆದಿದ್ದೀಯಲ್ಲ.

ಹಿರಿಯರು ಆಸ್ಪತ್ರೆಗೆ ಸೇರಿದ್ದಾರೆ. ನಾಳೆ ನೋಡಿಕೊಂಡು ಬರಬೇಕು.

ನಿನ್ನ ತಮ್ಮ


ಮಾರ್ಚ್ 20

ತಮ್ಮಾ,

ನಿನ್ನ ಕಾಗದ ಸರಿಯಾದ ಹೊತ್ತಿಗೆ ಬಂತು. ಮಂದಿರದ ಆಡಳಿತದವರು ಕೂತು ಮಾತಾಡುತ್ತಿದ್ದರು. ಇಬ್ಬರು ಹೊಲಿದದ್ದು, ತಪ್ಪು ಯಾರದೆಂದು ಹೇಗೆ ಹೇಳುವುದು ಎಂದು ಯಾರೋ ಒಬ್ಬರು ತಕರಾರು ತೆಗೆದರಂತೆ. ನಾನು ಹೋಗಿ ನಿನ್ನ ಕಾಗದವನ್ನೇ ಓದಿ ಹೇಳಿದೆ. ನನ್ನ ಪಾಲಿನ ಒಂದು ಪ್ರತಿ ಅಷ್ಟು ದೂರದಲ್ಲಿದೆ, ಓದಿದವನು ಎರಡು ಸಲ ಓದಿದ್ದಾನೆ, ಒಂದು ಪುಟವೂ ಆಚೀಚೆಯಾಗಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಇನ್ನು ಮುಂದೆ ಮಂದಿರದ ಕೆಲಸ ಅವಳಿಗಿಲ್ಲ.

ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಬೇರೆ ಊರಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಬರೆದುಕೊಂಡಿದ್ದಾಳೆ. ಒಂದು ವರ್ಷದ ಒಪ್ಪಂದವಂತೆ, ಜೂನ್ ಮೊದಲ ವಾರ ಹೊರಡುವುದಂತೆ. ಹೋಗಲಿ. ಅವಳಿಗೂ ಒಳ್ಳೆಯದು, ನನಗೂ ನೆಮ್ಮದಿ.

ನೆಮ್ಮದಿ ಎಂದು ಬರೆದೆ, ಆದರೆ ಬಂದಿಲ್ಲ. ಹೋದ ವಾರ ಗುರುಗಳ ಹತ್ತಿರ ಹೋಗಿ ಕೇಳಿಯೇ ಬಿಟ್ಟೆ. ದಿನಾ ನಾಲ್ಕು ಗಂಟೆಗೆ ಏಳುತ್ತೇನೆ, ವಾರಕ್ಕೊಂದು ದಿನ ಉಪವಾಸ, ಈಗ ಮನೆಯಲ್ಲಿ ಮೌನವ್ರತವನ್ನೂ ಶುರು ಮಾಡಿದ್ದೇನೆ, ಆದರೂ ಪ್ರಾರ್ಥನೆ ಎಂದರೆ ಗೋಡೆಯ ಜೊತೆ ಮಾತಾಡಿದ ಹಾಗಿದೆ, ಯಾಕೆ ಎಂದೆ. ಅವರು ತಮ್ಮ ಕನ್ನಡಕ ಒರೆಸಿಕೊಳ್ಳುತ್ತಾ, "ಪ್ರಾರ್ಥನೆಗೆ ಕೂತಾಗ ನೀನು ಯಾರ ಹತ್ತಿರ ಮಾತಾಡ್ತೀಯಮ್ಮ?" ಎಂದು ಕೇಳಿದರು. ದೇವರ ಹತ್ತಿರ ಎಂದೆ. "ಯಾರ ಬಗ್ಗೆ?" ಎಂದರು. ನಾನು ಹೊರಡಲು ಎದ್ದೆ. "ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡೋದು ಬಿಟ್ಟ ದಿನ ಮುಂಜಾವಿಗೆ ಬಾ" ಎಂದು ಕಳಿಸಿಬಿಟ್ಟರು.

ನಿನ್ನ ಅತ್ತಿಗೆಯೇ ಅವರ ಕಿವಿ ಊದಿರಬೇಕು.

ನಿನ್ನ ಅಕ್ಕ


ಏಪ್ರಿಲ್ 18

ತಮ್ಮಾ,

ಒಂದು ತಿಂಗಳಾಯಿತು, ನಿನ್ನಿಂದ ಎರಡು ಸಾಲೂ ಇಲ್ಲ. ಹುಷಾರಿಲ್ಲವೇ? ಹಿರಿಯರು ಹೇಗಿದ್ದಾರೆ?

ಇಲ್ಲಿ ಎಲ್ಲಾ ಮಾಮೂಲು. ಹಿಂದಿನ ಕೋಣೆಯಲ್ಲಿ ದಿನಾ ಸಂಜೆ ಸೂಜಿ ಆಡುವ ಸದ್ದು ಕೇಳುತ್ತದೆ. ಈಗ ಗುನುಗುವುದಿಲ್ಲ. ಗುನುಗುವಾಗ ಸಿಟ್ಟು ಬರುತ್ತಿತ್ತು, ಈಗ ಗುನುಗದಿದ್ದರೂ ಸಿಟ್ಟು ಬರುತ್ತದೆ. ನಿನ್ನೆ ಪ್ರಾರ್ಥನೆಯ ನಡುವೆಯೇ ಎದ್ದುಬಿಟ್ಟೆ. ಇಷ್ಟು ವರ್ಷದಲ್ಲಿ ಹಾಗೆ ಎದ್ದವಳಲ್ಲ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ನನಗೆ ಭಯವಾಗುತ್ತಿದೆ.

ಅಕ್ಕ


ಮೇ 3

ಅಕ್ಕಾ,

ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ. ಈಗ ನಾಲ್ಕು ಗಂಟೆಯ ರೈಲು ಹೋಯಿತು, ಮುಂದಿನದು ಆರಕ್ಕೆ. ಅಷ್ಟರೊಳಗೆ ಮುಗಿಸಿ ಅಂಚೆಗೆ ಹಾಕಬೇಕು, ಇಲ್ಲದಿದ್ದರೆ ಇದನ್ನೂ ಹರಿಯುತ್ತೇನೆ.

ಹಿರಿಯರನ್ನು ನೋಡಲು ಮಾರ್ಚ್ ಎರಡಕ್ಕೆ ಹೋಗಿದ್ದೆ. "ನಿಮ್ಮಕ್ಕನ ಪುಸ್ತಕದಲ್ಲಿ ಕಾಯಿಲೆಯವರಿಗೆ ಅಂತ ಒಂದು ಪ್ರಾರ್ಥನೆ ಇರಬೇಕಲ್ಲ, ಓದೋ" ಎಂದು ಮೊದಲೇ ಹೇಳಿಕಳಿಸಿದ್ದರು, ಹಾಗಾಗಿ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಅನುಕ್ರಮಣಿಕೆಯಲ್ಲಿ ನೂರ ಅರವತ್ತೆಂಟನೆಯ ಪುಟ ಎಂದಿತ್ತು. ನೂರ ಅರವತ್ತರಿಂದ ಎಂಟು ಪುಟ ಎಣಿಸಿ ತಿರುಗಿಸಿ, ಮೇಲೆ ನೋಡದೆ ಓದಲು ಶುರು ಮಾಡಿದೆ. ಪ್ರಯಾಣ ಹೊರಟವರಿಗೆ ದಾರಿ ಸುಗಮವಾಗಲಿ, ಹಿಂದೆ ಬಿಟ್ಟು ಹೋಗುವವರನ್ನು ದೇವರು ನೋಡಿಕೊಳ್ಳಲಿ. ಹಿರಿಯರು ಕಣ್ಣು ತೆರೆದು, "ಇಷ್ಟು ಬೇಗ ನನ್ನ ಟಿಕೆಟ್ ತೆಗೆಸಿಬಿಟ್ಟೆಯೇನೋ" ಎಂದರು. ಪಕ್ಕದ ಹಾಸಿಗೆಯವರೂ ನಕ್ಕರು. ನಾನು ಮಾತ್ರ ಪುಟದ ಮೇಲಿನ ಅಂಕಿ ನೋಡಿದೆ.

ನನ್ನ ಪುಸ್ತಕದಲ್ಲೂ ನೂರ ಅರವತ್ತಾದ ಮೇಲೆ ನೂರ ಎಪ್ಪತ್ತೇಳು, ಅಕ್ಕಾ. ನಿನ್ನ ನಲವತ್ತೊಂದನೆಯದು.

ಎರಡು ಸಲ ಓದಿದ್ದೇನೆ ಎಂದು ಬರೆದದ್ದು ಹಸಿ ಸುಳ್ಳು. ಆ ದಿನದವರೆಗೆ ನಾನು ಅದನ್ನು ತೆರೆದೇ ಇರಲಿಲ್ಲ. ನಿನಗೆ ಖುಷಿಯಾಗಲೆಂದು ಬಾಯಿಗೆ ಬಂದದ್ದು ಬರೆದೆ. ನೀನು ಯಾರನ್ನು ಬೈದರೂ ಹೌದೌದು ಎನ್ನುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ, ಅದರಿಂದ ಮನೆಯಲ್ಲಿ ನನ್ನ ಪಾಡು ಸುಖವಾಗಿತ್ತು. ಆ ಸುಳ್ಳನ್ನು ನೀನು ಆಡಳಿತದವರ ಮುಂದೆ ಓದಿದೆ ಎಂದು ತಿಳಿದಾಗಲೇ ಬರೆಯಬೇಕಾಗಿತ್ತು. ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡು ಕೂತೆ. ನನ್ನ ಸುಳ್ಳಿನಿಂದ ಅತ್ತಿಗೆಯ ಅನ್ನ ಹೋಯಿತು.

ಪುಸ್ತಕವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನನ್ನನ್ನು ಬೈಯಬೇಕಾದರೆ ಬೈದುಬಿಡು, ಆದರೆ ಅವಳು ಹೊರಡುವುದಕ್ಕೆ ಮುಂಚೆ ಇದನ್ನು ಬಿಚ್ಚಿ ನೋಡು.

ತಮ್ಮ


ಮೇ 10

ಕಟ್ಟು ಬಂದಿದೆ. ಬಿಚ್ಚಿಲ್ಲ.

ನಿನಗೆ ಹೀಗೆ ಬರೆಯಲು ಯಾರು ಹೇಳಿಕೊಟ್ಟರು? ಅವಳು ಕಾಗದ ಬರೆದಿದ್ದಾಳೆಯೇ? ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಹಾಳೆ ತಲೆಕೆಳಗಾಗಿಲ್ಲ.


ಜೂನ್ 6

ತಮ್ಮಾ,

ಹೋದ ಕಾಗದಕ್ಕೆ ಹೆಸರೂ ಹಾಕದೆ ಕಳಿಸಿದೆ. ಅದನ್ನು ಇಟ್ಟುಕೊಂಡಿದ್ದರೆ ಸುಟ್ಟುಬಿಡು. ಇಟ್ಟುಕೊಂಡರೂ ಪರವಾಗಿಲ್ಲ, ಅದೂ ನಾನೇ ಬರೆದದ್ದು.

ನಿನ್ನ ಕಟ್ಟು ಎರಡು ವಾರ ಮೇಜಿನ ಮೇಲೆ ಹಾಗೇ ಇತ್ತು. ಅದರ ಸುತ್ತಲೇ ಕೆಲಸ ಮಾಡಿದೆ, ಅದರ ಪಕ್ಕದಲ್ಲೇ ಊಟ ಮಾಡಿದೆ. ಹದಿನೈದನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಕೂತು ಬಾಯಿ ತೆರೆದರೆ ಒಂದೇ ಒಂದು ಮಾತು ಬಂತು: ಅದು ನನ್ನದಾಗಿರದಿರಲಿ. ಅಷ್ಟು ತಿಂಗಳಲ್ಲಿ ನಾನು ಮನಸಾರೆ ಬೇಡಿದ್ದು ಅದೊಂದೇ. ಅದು ನನ್ನದೇ ಎಂದು ಆಗಲೇ ಗೊತ್ತಾಗಿಹೋಯಿತು.

ಎದ್ದು ಬಿಚ್ಚಿದೆ. ನೂರ ಅರವತ್ತು, ನೂರ ಎಪ್ಪತ್ತೇಳು. ಬೆನ್ನಿನ ಬಟ್ಟೆಯನ್ನು ಚಾಕುವಿನಿಂದ ಬಿಡಿಸಿದೆ. ದಾರದ ಕೊನೆಯಲ್ಲಿ ಎರಡು ಗಂಟು. ಗುಡ್ಡೆ ಇಟ್ಟ ಆ ದಿನ ಒಂದು ಸಾಲೂ ಬಾಯಿಗೆ ಬರಲಿಲ್ಲ ಎಂದು ನಾನೇ ನಿನಗೆ ಬರೆದಿದ್ದೆ. ಅಪ್ಪ ಸಾಲು ಹೇಳುತ್ತಿದ್ದದ್ದು ಭಕ್ತಿಗೆ ಎಂದುಕೊಂಡಿದ್ದೆ. ಸಾಲು ಹೇಳಿದ್ದರೆ ಹನ್ನೊಂದನೆಯ ಗುಡ್ಡೆಯಲ್ಲಿ ಪ್ರಯಾಣದ ಪ್ರಾರ್ಥನೆ ಕೂತಿರುವುದು ಮೊದಲ ಸುತ್ತಿನಲ್ಲೇ ಗೊತ್ತಾಗುತ್ತಿತ್ತು. ನಾನು ಹೇಳಿಕೊಂಡದ್ದು ಅವಳ ಮೇಲಿನ ದೂರನ್ನು, ನಲವತ್ತೊಂದು ಸುತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಎಣಿಸಿದವಳು ನಾನು.

ಹಿಂದಿನ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಪೆಟ್ಟಿಗೆ ಕಟ್ಟಿ ಮುಗಿದಿತ್ತು. ಗೋಡೆಯ ಪಕ್ಕ ನಲವತ್ತು ಪುಸ್ತಕಗಳು, ಮೂವತ್ತೊಂಬತ್ತಕ್ಕೆ ಹೊಸ ಬೆನ್ನು ಅಂಟಿಸಿ ಆಗಿತ್ತು, ಕೊನೆಯದು ಅವಳ ಮಡಿಲಲ್ಲಿತ್ತು. ಆಗ ತಾನೇ ಹೊಲಿದು ಗಂಟು ಹಾಕಿದ್ದಳು. ನಾನು ನೋಡಿದೆ. ಎರಡು ಗಂಟು.

"ಇದೇನು, ನೀನು ಒಂದೇ ಅಲ್ವಾ ಹಾಕೋದು?" ಎಂದೆ. ನನ್ನ ಬಾಯಿಂದ ಮೊದಲು ಬಂದ ಮಾತು ಅದು. ಕ್ಷಮಿಸು ಎನ್ನಲು ಹೋದವಳು ಗಂಟಿನ ಲೆಕ್ಕ ಕೇಳಿದೆ.

"ನಿಮ್ಮ ಪುಸ್ತಕ ಅಲ್ವಾ ಅಕ್ಕ. ನಿಮ್ಮ ಗಂಟೇ ಇರಲಿ ಅಂತ," ಎಂದಳು.

"ಅವತ್ತು ಮಂದಿರದಲ್ಲೇ ಗೊತ್ತಾಗಿತ್ತಾ?"

"ಪುಸ್ತಕದ ಬೆನ್ನು ಬಗ್ಗಿಸಿ ನೋಡಿದಾಗಲೇ."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. "ಮೊದಲು ಸಿಟ್ಟಿಗೆ ಹೇಳಲಿಲ್ಲ. ಒಂದಿನ ನೀವೇ ಮುಟ್ಟಿ ನೋಡ್ತೀರ, ತಿಳ್ಕೊಂಡು ತಲೆ ತಗ್ಗಿಸ್ತೀರ, ಅದನ್ನ ನಾನು ನೋಡಬೇಕು ಅಂತಿತ್ತು. ನಾನೇನು ದೊಡ್ಡ ಒಳ್ಳೆಯವಳಲ್ಲ ಅಕ್ಕ. ಅದನ್ನ ಇಟ್ಕೊಂಡು ಮುಂಜಾವಿಗೆ ಹೋಗಿ ಕೂತ್ರೆ ಕೂರೋಕೇ ಆಗಲಿಲ್ಲ. ಗುರುಗಳಿಗೆ ಹೇಳಿ ಬಿಟ್ಟುಬಿಟ್ಟೆ. ಇಲ್ಲಿ ಕೂತು ಹೊಲೀತಾ ಹೊಲೀತಾ ಇಪ್ಪತ್ತನೇ ಪುಸ್ತಕದ ಹೊತ್ತಿಗೆ ಸಿಟ್ಟು ಇಳೀತು. ಆಮೇಲೆ ಹೇಳೋಣ ಅಂದ್ರೆ ನೀವು ಮೌನದಲ್ಲಿದ್ರಿ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ. ತಪ್ಪಾಯಿತು ಎಂದೆ. ಅವಳು "ಹೂಂ" ಎಂದಳು. ಇಬ್ಬರೂ ಸೇರಿ ಆ ನಲವತ್ತನೆಯದಕ್ಕೆ ಬೆನ್ನು ಅಂಟಿಸಿದೆವು. ಒಬ್ಬರು ಒತ್ತಿ ಹಿಡಿದರೆ ಇನ್ನೊಬ್ಬರು ಬಟ್ಟೆ ಎಳೆಯಬೇಕು, ಆ ಕೆಲಸ ಒಬ್ಬರಿಂದ ಚೆನ್ನಾಗಿ ಆಗುವುದಿಲ್ಲ. ಮೂವತ್ತೊಂಬತ್ತನ್ನು ಅವಳು ಒಬ್ಬಳೇ ಮಾಡಿದ್ದಳು.

ಭಾನುವಾರ ಮಂದಿರದಲ್ಲಿ, ಅಂದು ನಿಂತಿದ್ದ ಜಾಗದಲ್ಲೇ ಎದ್ದು ನಿಂತೆ. ನಲವತ್ತೂ ನನ್ನ ಕೈಯವು, ನಾನು ಓದಿ ಹೇಳಿದ ಕಾಗದ ಸುಳ್ಳು, ತಪ್ಪನ್ನು ಹೊತ್ತವಳು ತಪ್ಪು ಮಾಡಿದವಳಲ್ಲ ಎಂದೆ. ನಿನ್ನ ಹೆಸರು ಹೇಳಲಿಲ್ಲ, ಆದರೆ ನನಗೆ ಕಾಗದ ಬರೆಯುವವನು ನೀನೊಬ್ಬನೇ ಎಂದು ಎಲ್ಲರಿಗೂ ಗೊತ್ತು. ಆಡಳಿತದವರು ಅಲ್ಲೇ ಎದ್ದು ಅವಳ ಕೆಲಸ ಅವಳಿಗೇ ಇದೆ ಎಂದರು. ಗುರುಗಳು ಏನಾದರೂ ಹೇಳುತ್ತಾರೆಂದು ಕಾದೆ. "ಕೂತ್ಕೋಮ್ಮ, ನೂರ ಅರವತ್ತೊಂದನೇ ಪುಟ" ಎಂದರು. ಮಂದಿರವೆಲ್ಲಾ ಒಂದೇ ದನಿಯಲ್ಲಿ ಓದಿತು.

ಆದರೂ ಅವಳು ಹೋದಳು. ಕಾರ್ಖಾನೆಯವರಿಗೆ ಕೊಟ್ಟ ಮಾತು ಕೊಟ್ಟದ್ದೇ ಎಂದಳು. ಮಾತು ಆಡಿದರೆ ಹೋಯಿತು ಎನ್ನುವುದು ನನಗೆ ಈಗ ಗೊತ್ತು. ನಾನು ಎದ್ದು ನಿಂತು ಆಡಿದ ಒಂದು ಮಾತನ್ನು ಇನ್ನೊಂದು ಸಲ ಎದ್ದು ನಿಂತು ತೆಗೆದೆ, ಅವಳ ಒಂದು ವರ್ಷವನ್ನು ತೆಗೆಯಲು ಆಗಲಿಲ್ಲ. ನಿನ್ನೆ ಬಸ್ ನಿಲ್ದಾಣದವರೆಗೆ ಪೆಟ್ಟಿಗೆಯನ್ನು ನಾನೇ ಹೊತ್ತೆ. ಬಿಡಿ ಎಂದರೂ ಬಿಡಲಿಲ್ಲ.

ಮುಂಜಾವಿನ ಧ್ಯಾನಕ್ಕೆ ನನ್ನನ್ನು ಇನ್ನೂ ಕರೆದಿಲ್ಲ. ಯಾವಾಗ ಕರೆಯುತ್ತೀರಿ ಎಂದು ನಾನೂ ಕೇಳಿಲ್ಲ. ಇವತ್ತು ಬೆಳಿಗ್ಗೆ ಮನೆಯಲ್ಲೇ ಕೂತೆ. ಹಿಂದಿನ ಕೋಣೆಯಿಂದ ಸದ್ದಿಲ್ಲ. ನಮ್ಮ ಹುಡುಗಿ ಇಷ್ಟು ಹೊತ್ತಿಗೆ ತಲುಪಿರಬೇಕು, ಅವಳಿಗೆ ಅಲ್ಲಿ ಒಳ್ಳೆಯ ಬೆಳಕಿರುವ ಕಿಟಕಿ ಸಿಗಲಿ ಎಂದೆ. ಅಷ್ಟೇ ನನ್ನ ಪ್ರಾರ್ಥನೆ. ಎದ್ದಾಗ ಬಿಸಿಲು ಮೇಜಿನವರೆಗೆ ಬಂದಿತ್ತು.

ನಿನ್ನ ಪ್ರತಿಯನ್ನು ನಾನು ಸರಿ ಮಾಡಿಲ್ಲ. ಬೆನ್ನು ಮಾತ್ರ ಅಂಟಿಸಿ ನನಗಾಗಿ ಇಟ್ಟುಕೊಂಡಿದ್ದೇನೆ. ಅಪ್ಪನ ಪ್ರತಿಯನ್ನು ಕಪಾಟಿನಲ್ಲಿಟ್ಟು ಇನ್ನು ಮೇಲೆ ಇದರಲ್ಲೇ ಓದುವುದು. ನೂರ ಅರವತ್ತರ ನಂತರ ಕೈ ತಡೆದು ನಿಲ್ಲುತ್ತದೆ, ತಪ್ಪೊಪ್ಪಿಗೆ ಎಲ್ಲಿದೆಯೆಂದು ಹುಡುಕಿಕೊಂಡು ಹೋಗಬೇಕು. ನನಗೆ ಅದು ಬೇಕು.

ನಿನಗೆ ಬೇರೆ ಪುಸ್ತಕ ಕಳಿಸಿದ್ದೇನೆ. ಅವಳ ಪಾಲಿನಲ್ಲೂ ಒಂದಕ್ಕೆ ಆಗುವಷ್ಟು ಹಾಳೆ ಮಿಕ್ಕಿತ್ತಂತೆ, ಹೋಗುವ ಮುನ್ನ ನಿನಗೆಂದು ಹೊಲಿದಳು. ಒಂದೇ ಗಂಟು, ಎಳೆದು ನೋಡಿದ್ದೇನೆ, ಬಿಚ್ಚುವುದಿಲ್ಲ. ಹಿರಿಯರಿಗೆ ನೂರ ಅರವತ್ತೆಂಟನೆಯ ಪುಟ ಓದು. ನೀನು ಓದುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಓದದಿದ್ದರೆ ಓದಿಲ್ಲ ಎಂದೇ ಬರೆ.

ಅಕ್ಕ